ನೆಲದೊಳಗಣ ಕಣಜ

ನಮ್ಮ ಬಡಾವಣೆಯಲ್ಲಿ ನಿವೃತ್ತ ಎಂಜಿನಿಯರೊಬ್ಬರಿದ್ದಾರೆ. ಕೆಲಸದ ಮೇಲೆ ಬಹುಕಾಲ ಹೊರದೇಶಗಳಲ್ಲಿದ್ದು ಬೆಂಗಳೂರಿಗೆ ಹಿಂತಿರುಗಿದವರು. ಅಲ್ಲಿಂದ ತಂದ ಅಭ್ಯಾಸಗಳಲ್ಲಿ ಸಿಗಾರು ಸೇದುವುದೂ ಒಂದು. ನಮ್ಮ ಹಳ್ಳಿಯ ಹಿರಿಯರು ಸೇದುತ್ತಿದ್ದ ಚುಟ್ಟಾಕ್ಕೂ ಇದಕ್ಕೂ ಬೆಲೆಯಲ್ಲಿ ಅಂತರವಿದೆಯೇ ಹೊರತು ಕುಲದಲ್ಲಿಲ್ಲ ಎಂದು ನಾನು ಹೇಳಿದರೆ ಅವರಿಗೆ ಕೊಂಚ ಬೇಸರ. ಕೆಲವು ವರ್ಷಗಳ ಹಿಂದೆ ಅವರು ತಮ್ಮ ಹಿತ್ತಿಲಿನಲ್ಲಿ ಆಳುಗಳಿಂದ ಆಳುದ್ದಕ್ಕೂ ಮಿಕ್ಕ ಒಂದು ಗುಂಡಿ ತೋಡಿಸಿ, ಒಳಗೆ ಇಟ್ಟಿಗೆ ಕಟ್ಟಿಸಿ, ಮರದ ಹಲಗೆ ಹೊಡೆಸಿ, ಬಾಯಿಗೆ ಮುಚ್ಚಳ ಕೂಡಿಸಿದರು. ಸಿಗಾರಿನ ಪೆಟ್ಟಿಗೆಗಳನ್ನು ಅದರಲ್ಲಿ ಇಳಿಬಿಟ್ಟು ನನ್ನನ್ನು ಕರೆದು ತೋರಿಸಿದರು.

“ಮೇಷ್ಟ್ರೇ, ಇದಕ್ಕೆ ಕನ್ನಡದಲ್ಲಿ ಏನಂತಾರೆ?”

ನೆಲಮಾಳಿಗೆ ಎನ್ನಲು ಮನಸ್ಸು ಬರಲಿಲ್ಲ. ನೆಲಮಾಳಿಗೆಗೆ ಮೆಟ್ಟಿಲಿರುತ್ತದೆ, ಮನುಷ್ಯ ನಡೆದು ಇಳಿಯುತ್ತಾನೆ. ಇದು ಮೇಲಿನಿಂದ ಬಾಯಿ ತೆರೆದು ಕೈ ಬಿಡಬೇಕಾದ ಗುಂಡಿ. ವಿಜಯಪುರ ಜಿಲ್ಲೆಯವನಾದ ನನ್ನ ಬಾಯಿಂದ ತಾನಾಗಿ ಬಂದ ಮಾತು “ಹಗೇವು” ಎಂಬುದು. ಅವರು ಆ ಪದವನ್ನು ಕೇಳಿರಲಿಲ್ಲ. ಮೈಸೂರು ಸೀಮೆಯಲ್ಲಿ ಹುಟ್ಟಿ ಬೆಳೆದವರು. ಅವರ ಅಜ್ಜಂದಿರು ರಾಗಿಯನ್ನು ತುಂಬಿಟ್ಟಿದ್ದು ಹಗೇವಿನಲ್ಲಿಯೇ ಇದ್ದೀತು. ಎರಡು ತಲೆಮಾರಿನಲ್ಲಿ ಒಂದು ವಸ್ತುವೂ ಅದರ ಹೆಸರೂ ಒಟ್ಟಿಗೆ ಮಣ್ಣುಪಾಲಾಗಬಹುದು ಎಂಬುದು ನನಗೆ ಅಂದು ಮನದಟ್ಟಾಯಿತು.

ಸಿಗಾರಿನ ಕಥೆಯನ್ನು ಮೊದಲು ಮುಗಿಸಿಬಿಡೋಣ. ಸಿಗಾರೆಂದರೆ ಎಲೆಯೊಳಗೆ ಎಲೆ ಸುತ್ತಿದ ಹೊಗೆಸೊಪ್ಪು. ಒಣಗಿದರೆ ಸಿಡಿದು ಖಾರವಾಗುತ್ತದೆ, ಹೆಚ್ಚು ನೆನೆದರೆ ಬೂಸಲು ಹಿಡಿಯುತ್ತದೆ. ಸುತ್ತಲಿನ ಗಾಳಿಯಲ್ಲಿ ನೂರಕ್ಕೆ 70ರಷ್ಟು ತೇವ, 18-20 ಡಿಗ್ರಿಯ ಬಿಸಿ ಇರಬೇಕೆಂದು ಬಲ್ಲವರು ಹೇಳುತ್ತಾರೆ. ಯೂರೋಪಿನ ವರ್ತಕರಿಗೆ ಇದನ್ನು ಸಾಧಿಸಲು ನೆಲಮನೆಗಳು ಅನುಕೂಲವಾದವು. ಏಕೆಂದರೆ ಕೆಲವು ಮಾರು ಕೆಳಗಿಳಿದರೆ ನೆಲಕ್ಕೆ ಹಗಲು ರಾತ್ರಿಗಳ, ಬೇಸಿಗೆ ಚಳಿಗಾಲಗಳ ಪರಿವೆ ಇರುವುದಿಲ್ಲ. ಆ ಊರಿನ ವರ್ಷದ ಸರಾಸರಿ ಬಿಸಿ ಎಷ್ಟೋ ಸುಮಾರಾಗಿ ಅಷ್ಟೇ ಅಲ್ಲಿ ಸದಾ ಇರುತ್ತದೆ. ನಮ್ಮ ಮಿತ್ರರು ತಪ್ಪಿದ್ದು ಇಲ್ಲಿಯೇ. ಜಿನೀವಾದ ನೆಲ ತಣ್ಣಗಿದ್ದೀತು. ಬೆಂಗಳೂರಿನ ಸರಾಸರಿಯೇ 24 ಡಿಗ್ರಿಯ ಆಸುಪಾಸು. ಹೊಗೆಸೊಪ್ಪಿನೊಳಗೆ ಕಣ್ಣಿಗೆ ಕಾಣದೆ ಕುಳಿತ ಮೊಟ್ಟೆಗಳು ಒಡೆದು ಹುಳುವಾಗಲು ಆ ಬಿಸಿ ಸಾಕು. ಮಳೆಗಾಲ ಕಳೆದು ಪೆಟ್ಟಿಗೆ ತೆರೆದಾಗ ಸಿಗಾರುಗಳ ಮೈತುಂಬ ಸೂಜಿಯಿಂದ ಚುಚ್ಚಿದಂತೆ ತೂತುಗಳಿದ್ದವು. ತಂಬಾಕಿನ ಹುಳುವೆಂದು ಹೆಸರಾದ ಈ ಕಂದು ಜೀವಿ ಹೊಗೆಸೊಪ್ಪಿಗಷ್ಟೇ ನಿಷ್ಠವಾದುದಲ್ಲ. ಕಾಳು, ಹಿಟ್ಟು, ಸಂಬಾರ ಪದಾರ್ಥಗಳಿಗೂ ಬಾಯಿ ಹಾಕುವಂಥದು.

“ಹಾಗಾದರೆ ನಿಮ್ಮೂರಿನ ಬಿಸಿಲಿನಲ್ಲಿ ಜೋಳ ಹೇಗೆ ಉಳೀತಿತ್ತು?” ಎಂದು ಮಿತ್ರರು ಕೇಳಿದರು. ಎಂಜಿನಿಯರಿಗೆ ತಕ್ಕ ಪ್ರಶ್ನೆ. ಬೆಂಗಳೂರಿಗಿಂತ ಬಿಸಿಯಾದ ನೆಲ ನಮ್ಮದು.

ಉತ್ತರವೆಂದರೆ ನಮ್ಮವರು ತಂಪನ್ನು ನೆಚ್ಚಲೇ ಇಲ್ಲ; ಹುಳುವಿನ ಉಸಿರನ್ನು ನಿಲ್ಲಿಸಿದರು. ಸಿಗಾರಿನ ಗುಂಡಿಗೆ ಬೇಕಾದುದು ತೇವ. ಹಗೇವಿಗೆ ಬೇಕಾದುದು ತೇವವೂ ಇಲ್ಲದ, ಗಾಳಿಯೂ ಸುಳಿಯದ ಕತ್ತಲೆ. ತುಂಬಿ ಬಾಯಿ ಮುಚ್ಚಿದ ಹಗೇವಿನೊಳಗೆ ಕಾಳು ತಾನೇ ಮೆಲ್ಲನೆ ಉಸಿರಾಡುತ್ತದೆ, ಜೊತೆಗೆ ಸೇರಿಕೊಂಡ ಹುಳುಗಳೂ ಉಸಿರಾಡುತ್ತವೆ. ಇದ್ದ ಆಮ್ಲಜನಕ ತೀರಿ ಇಂಗಾಲದ ಅನಿಲ ತುಂಬಿಕೊಂಡಾಗ ಹುಳುಗಳು ಸಾಯುತ್ತವೆ, ಕಾಳು ಉಳಿಯುತ್ತದೆ. ಇಂದಿನ ವಿಜ್ಞಾನಿಗಳು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಧಾನ್ಯವನ್ನು ಕಟ್ಟಿಡುವ ವಿಧಾನಕ್ಕೂ ಇದಕ್ಕೂ ತತ್ವದಲ್ಲಿ ವ್ಯತ್ಯಾಸವಿಲ್ಲ.

ಹಗೇವು ತೋಡುವುದು ಬರಿಯ ಗುಂಡಿ ತೋಡುವ ಕೆಲಸವಾಗಿರಲಿಲ್ಲ. ಜಾಗದ ಆಯ್ಕೆಯೇ ಅರ್ಧ ಕೆಲಸ. ಎರೆಯ ಭೂಮಿ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ. ಅದರಲ್ಲಿ ಹಗೇವು ನಿಲ್ಲದು. ಊರಿನ ಎತ್ತರದ ಜಾಗದಲ್ಲಿ, ಗಟ್ಟಿ ಗರಸು ಸಿಕ್ಕುವಲ್ಲಿ, ನೀರು ನಿಲ್ಲದ ಕಡೆ ನೋಡಿ ತೋಡಬೇಕು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಮಾತ್ರ. ಒಳಗೆ ಹೋದಂತೆ ಹೊಟ್ಟೆ ಅಗಲವಾಗುತ್ತದೆ. ಕುಂಬಾರನ ಹರವಿಯನ್ನು ನೆಲದಲ್ಲಿ ಹೂಳಿದರೆ ಹೇಗೋ ಹಾಗೆ. ತೋಡಿದ ಮೇಲೆ ಒಳಗೆ ಬೆಂಕಿ ಹಾಕಿ ಗೋಡೆಯ ಪಸೆಯನ್ನು ಆರಿಸುತ್ತಿದ್ದರು. ಅನಂತರ ತಳಕ್ಕೆ ಹೊಟ್ಟು ಹಾಸಿ, ಸುತ್ತಲೂ ಒಣಗಿದ ಜೋಳದ ದಂಟು, ಹುಲ್ಲುಗಳನ್ನು ಒತ್ತಾಗಿ ಜೋಡಿಸಿ, ಕಾಳು ಮಣ್ಣಿಗೆ ತಾಗದಂತೆ ಮಾಡಿ ಜೋಳ ಸುರಿಯುವುದು. ಮೇಲೆ ಮತ್ತೆ ಹೊಟ್ಟು, ಅದರ ಮೇಲೆ ಕಲ್ಲಿನ ಚಪ್ಪಡಿ, ಚಪ್ಪಡಿಯ ಮೇಲೆ ಮಣ್ಣು, ಸಗಣಿಯ ಸಾರಣೆ. ಮರುದಿನದಿಂದ ಅದರ ಮೇಲೆ ಎತ್ತು ನಡೆಯಲಿ, ಬಂಡಿ ಹಾಯಲಿ, ಮಕ್ಕಳು ಚಿಣಿ ದಾಂಡು ಆಡಲಿ, ಯಾವುದಕ್ಕೂ ಅಡ್ಡಿಯಿಲ್ಲ. ಸಣ್ಣ ಹಗೇವಿಗೆ ಹತ್ತಿಪ್ಪತ್ತು ಚೀಲ. ಗೌಡರ, ಸಾಹುಕಾರರ ಮನೆಯ ಮುಂದಿನದಕ್ಕೆ ನೂರು ಚೀಲವೂ ಹೋಗುತ್ತಿತ್ತು.

ಗೋಡೆಯ ಬದಿಯ ಕಾಳು ಎಷ್ಟೋ ಕೆಡುತ್ತಿತ್ತೆಂಬುದನ್ನು ಮರೆಮಾಚಬೇಕಾಗಿಲ್ಲ. ನಡುವಿನ ಕಾಳಿಗೂ ಒಂದು ವಾಸನೆ ಅಂಟುತ್ತಿತ್ತು. ಹಗೇವಿನ ಜೋಳದ ರೊಟ್ಟಿಯನ್ನು ತಿಂದವರಿಗೆ ಅದರ ನೆನಪು ಹೋಗುವುದಿಲ್ಲ. ಹಿಡಿಸದವರೂ ಉಂಟು, ನನಗೆ ಹಿಡಿಸುತ್ತಿತ್ತು.

ಇನ್ನು ಇದರ ಪ್ರಾಚೀನತೆಯ ಮಾತು. ಪುಣೆಯ ಹತ್ತಿರದ ಇನಾಮಗಾಂವದಲ್ಲಿ 1968ರಿಂದ 1983ರವರೆಗೆ ನಡೆದ ಉತ್ಖನನದಲ್ಲಿ, ಇಂದಿಗೆ ಮೂರು ಸಾವಿರ ವರ್ಷಕ್ಕೂ ಹಿಂದೆ ಅಲ್ಲಿ ಬೇಸಾಯ ಮಾಡಿಕೊಂಡಿದ್ದವರ ಮನೆಗಳೊಡನೆ ಧಾನ್ಯದ ಗುಂಡಿಗಳೂ ಹೊರಬಂದವು. ದಖ್ಖನ್ನಿನ ಬೇಸಾಯದಷ್ಟೇ ಹಳೆಯದು ಈ ವಿದ್ಯೆ ಎನ್ನಲು ಅಷ್ಟು ಸಾಕು. ಆದರೆ ನಮ್ಮ ಸೊತ್ತು ಮಾತ್ರವೆಂದು ಹೆಮ್ಮೆಪಡುವಂತಿಲ್ಲ. ಕ್ರಿಸ್ತಪೂರ್ವ 37ರಲ್ಲಿ ಬೇಸಾಯದ ಮೇಲೆ ಗ್ರಂಥ ಬರೆದ ರೋಮಿನ ವಾರ್ರೋ, ಕಪ್ಪಡೋಸಿಯ, ಥ್ರೇಸ್ ದೇಶಗಳ ಜನ ನೆಲದೊಳಗೆ ಹುಲ್ಲು ಹಾಸಿ ಧಾನ್ಯ ತುಂಬುವುದನ್ನು ವರ್ಣಿಸುತ್ತಾನೆ. ಗಾಳಿ, ತೇವ ತಾಗದಿದ್ದರೆ ಗೋಧಿ 50 ವರ್ಷ, ನವಣೆಯ ಜಾತಿಯ ಕಿರುಧಾನ್ಯ 100 ವರ್ಷಕ್ಕೂ ಮೇಲೆ ಕೆಡದೆ ಇರುತ್ತದೆಂದು ಅವನ ಲೆಕ್ಕ. ಲೆಕ್ಕದಲ್ಲಿ ಉತ್ಪ್ರೇಕ್ಷೆ ಇದ್ದೀತು. ಆದರೆ ಅವನು ಕೊಡುವ ಇನ್ನೊಂದು ಎಚ್ಚರಿಕೆಯಲ್ಲಿ ಉತ್ಪ್ರೇಕ್ಷೆಯಿಲ್ಲ: ಬಾಯಿ ತೆರೆದ ಕೂಡಲೆ ಇಳಿಯಬಾರದು, ಹಾಗೆ ಇಳಿದು ಉಸಿರುಕಟ್ಟಿದವರುಂಟು ಎನ್ನುತ್ತಾನೆ.

ಇದನ್ನು ಓದಿದಾಗ ನನಗೆ ನಮ್ಮ ಕಾಕಾನ ನೆನಪಾಯಿತು. ನಾನು ಐದನೆಯ ಇಯತ್ತೆಯಲ್ಲಿದ್ದಾಗ ನಮ್ಮ ಮನೆಯ ಮುಂದಿನ ಹಗೇವನ್ನು ತೆರೆದರು. ಚಪ್ಪಡಿ ಸರಿಸಿ ಒಂದು ದಿನವೆಲ್ಲ ಹಾಗೆಯೇ ಬಿಟ್ಟಿದ್ದರು. ಮರುದಿನ ಕಾಕಾ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಮೆಲ್ಲಗೆ ಇಳಿಬಿಟ್ಟ. ಕುತ್ತಿಗೆಯ ಮಟ್ಟ ದಾಟಿದೊಡನೆ ದೀಪ ಸಣ್ಣದಾಗಿ, ಯಾರೋ ಊದಿದಂತೆ ಆರಿಹೋಯಿತು. ಬಗ್ಗಿ ನೋಡಲು ಹೋದ ನನ್ನ ರಟ್ಟೆ ಹಿಡಿದು ಹಿಂದಕ್ಕೆಳೆದು, “ಹಿಂದ ಸರಿ ತಮ್ಮಾ, ಒಳಗ ಇನ್ನೂ ಉಸಿರಿಲ್ಲ” ಎಂದ. ಮತ್ತೊಂದು ದಿನ ಕಾದು, ದೀಪ ತಳ ಮುಟ್ಟಿಯೂ ಉರಿದ ಮೇಲೆಯೇ ಆಳು ಇಳಿದದ್ದು. ಹಗೇವಿಗಿಳಿದು ಸತ್ತವರ ಸುದ್ದಿ ನಮ್ಮ ಕಡೆಯವರಿಗೆ ಹೊಸದಲ್ಲ. ಒಬ್ಬನನ್ನು ಎತ್ತಲು ಇಳಿದು ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ ಹೋದದ್ದೂ ಉಂಟು. ಹುಳುವನ್ನು ಕೊಲ್ಲುವ ಗಾಳಿಗೆ ಮನುಷ್ಯನೆಂಬ ದಾಕ್ಷಿಣ್ಯವಿಲ್ಲ.

ಮಾಲ್ಟಾ ದ್ವೀಪದಲ್ಲಿ ಸಂತ ಜಾನ್ ಪಂಥದ ಯೋಧರು ಬಂಡೆಯಲ್ಲಿ ಕೊರೆಸಿದ ಧಾನ್ಯದ ಗುಂಡಿಗಳು, ಇಟಲಿಯ ಚೆರಿನ್ಯೋಲಾ ಪಟ್ಟಣದ ಬಯಲಿನಲ್ಲಿರುವ ಗುಂಡಿಗಳು ಇವತ್ತಿಗೂ ಕಾಣಸಿಗುತ್ತವೆ. ಹೆಸರುಗಳೂ ಊರಿಗೊಂದು. ಮರಾಠಿಗರು ಪೇವ ಎನ್ನುತ್ತಾರೆ, ತೆಲುಗರು ಪಾತರ ಎನ್ನುತ್ತಾರೆ, ಉತ್ತರದವರಿಗೆ ಅದು ಖತ್ತಿ. ಕನ್ನಡದಲ್ಲಿ ಹಗೇವು, ಹಗೆವು, ಹಗೆ ಎಂದು ಹಲವು ರೂಪಗಳಿವೆ. ಹಗೆ ಎಂದರೆ ವೈರಿಯೂ ಹೌದಷ್ಟೆ. ವೈರಿಯ ಕಣ್ಣಿಗೆ ಬೀಳದಂತೆ ಇಡುವುದರಿಂದ ಹಗೇವು ಎಂದಾಯಿತೆಂದು ನಮ್ಮೂರಿನ ಹಿರಿಯರೊಬ್ಬರು ನನಗೆ ವ್ಯುತ್ಪತ್ತಿ ಹೇಳಿದ್ದರು. ಕೇಳಲು ಸೊಗಸಾಗಿದೆ, ಭಾಷಾಶಾಸ್ತ್ರಕ್ಕೆ ಸಾಲದು.

ಶಾಸ್ತ್ರಕ್ಕೆ ಸಾಲದಿದ್ದರೂ ಚರಿತ್ರೆಗೆ ಆ ಮಾತು ಹತ್ತಿರವಿದೆ. ಕಾಳನ್ನು ನೆಲದಲ್ಲಿ ಹೂಳುವುದಕ್ಕೆ ಹುಳುವಿನಷ್ಟೇ ದೊಡ್ಡ ಕಾರಣ ಮನುಷ್ಯ. ಕ್ರಿಸ್ತಶಕ 98ರ ಸುಮಾರಿಗೆ ಟಾಸಿಟಸ್ ಜರ್ಮನ್ ಬುಡಕಟ್ಟುಗಳನ್ನು ಕುರಿತು ಬರೆಯುತ್ತ, ಅವರು ನೆಲದೊಳಗೆ ಗವಿ ತೋಡಿ ಮೇಲೆ ಗೊಬ್ಬರ ಹೇರಿ ಬೆಳೆಯನ್ನು ಬಚ್ಚಿಡುತ್ತಾರೆ, ದಾಳಿಯಿಡುವವನು ಎದುರಿಗಿದ್ದುದನ್ನು ಹಾಳು ಮಾಡುತ್ತಾನೆ, ಹೂತದ್ದು ಹುಡುಕಬೇಕಾದ್ದರಿಂದಲೇ ಉಳಿಯುತ್ತದೆ ಎಂಬರ್ಥದ ಮಾತು ಹೇಳುತ್ತಾನೆ. 18ನೆಯ ಶತಮಾನದ ಕರ್ನಾಟಕದ ರೈತನಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಪೇಶ್ವೆಯ ದಂಡು, ನಿಜಾಮನ ದಂಡು, ಹೈದರನ ದಂಡು, ಇಂಗ್ಲಿಷರ ದಂಡು, ಅವುಗಳ ಹಿಂದೆ ಬಾಲದಂತೆ ಪೆಂಡಾರಿಗಳು: ಯಾರು ಹಾದರೂ ಕುದುರೆಗೆ ಮೇವು, ಆಳಿಗೆ ಕಾಳು ಹಳ್ಳಿಯಿಂದಲೇ ಬರಬೇಕು. ಮನೆಯ ಮೇಲಿನ ಕಣಜ ಸುಲಿಗೆಗೆ ಇಟ್ಟ ನೈವೇದ್ಯ. ನೆಲದೊಳಗಣ ಕಣಜಕ್ಕೆ ಬಾಯಿಯಿದ್ದರೂ ಮಾತಿಲ್ಲ. ಊರು ಸುಟ್ಟು ಜನ ಗುಡ್ಡ ಸೇರಿ, ದಂಡು ಸರಿದ ಮೇಲೆ ಹಿಂತಿರುಗಿದಾಗ, ಮತ್ತೆ ಬಿತ್ತಲು ಬೀಜವಿದ್ದುದು ಅದರೊಳಗೆ. ಟಿಪ್ಪು ಮಡಿದ ಮರುವರ್ಷವೇ, 1800-01ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ರಾಗಿಯನ್ನು ಹೀಗೆ ಗುಂಡಿಗಳಲ್ಲಿ ಕಾಪಿಡುವುದನ್ನು ಗುರುತಿಸಿದ್ದಾನೆ. ರಾಗಿಗೆ ಹುಳು ಹತ್ತುವುದೂ ಕಡಿಮೆ. ಹಗೇವಿಗೆ ಹೇಳಿ ಮಾಡಿಸಿದ ಧಾನ್ಯ.

ದಂಡುಗಳು ಹೋದವು, ಕಂಪನಿಯ ಶಾಂತಿ ಬಂತು. ಹಗೇವು ಬರಿದಾಗಲು ಪ್ರಾರಂಭವಾದದ್ದು ಈ ಶಾಂತಿಯ ಕಾಲದಲ್ಲಿ ಎಂಬುದು ನಾನು ಇಲ್ಲಿ ಮುಖ್ಯವಾಗಿ ಹೇಳಬೇಕೆಂದಿರುವ ಸಂಗತಿ. ಕಂದಾಯವನ್ನು ರೊಕ್ಕದಲ್ಲಿ, ಗೊತ್ತಾದ ಕಂತಿಗೆ, ಬೆಳೆ ಬರಲಿ ಬಾರದಿರಲಿ ಕಟ್ಟಬೇಕಾದವನು ಕಾಳನ್ನು ಹೂತಿಡುವುದು ಹೇಗೆ? ಸುಗ್ಗಿಯಲ್ಲಿಯೇ ಮಾರಬೇಕು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಕ್ಕದೆ ಧಾರವಾಡ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂತು. ಜೋಳದ ಹೊಲ ಹತ್ತಿಯ ಹೊಲವಾಯಿತು. ಅದನ್ನು ರೈತನ ಮೂರ್ಖತನವೆನ್ನಲಾರೆ. ಕೈಗೆ ರೊಕ್ಕ ಬರುವಾಗ ಬೇಡವೆನ್ನುವವರು ಯಾರು? 1871ರಲ್ಲಿ ಮುಂಬಯಿಯ ಕಡೆಯ ರೈಲೂ ಮದರಾಸಿನ ಕಡೆಯ ರೈಲೂ ರಾಯಚೂರಿನಲ್ಲಿ ಕೂಡಿದವು. ಬೆಂಗಳೂರಿಗೆ 1864ರಲ್ಲಿಯೇ ರೈಲು ಬಂದಿತ್ತು. ಅಲ್ಲಿಯವರೆಗೆ ಮಿಕ್ಕ ಕಾಳಿಗೆ ನೆಲವೇ ಗತಿಯಾಗಿತ್ತು. ಈಗ ಬೆಲೆ ಎಲ್ಲಿದೆಯೋ ಅಲ್ಲಿಗೆ ಹೋಗುವ ದಾರಿಯಾಯಿತು.

1876ರಲ್ಲಿ ಮುಂಗಾರು ಕೈಕೊಟ್ಟಿತು. ಮೈಸೂರಿನಲ್ಲಿ ಹಿಂದಿನ ವರ್ಷವೂ ಮಳೆ ಸಾಲದಾಗಿತ್ತು. ಬಳ್ಳಾರಿ, ಆಗ ಕಲಾದಗಿ ಜಿಲ್ಲೆ ಎನಿಸಿದ್ದ ನಮ್ಮ ವಿಜಯಪುರದ ಭಾಗ, ಧಾರವಾಡ, ಮೈಸೂರು, ಎಲ್ಲವೂ ಒಟ್ಟಿಗೆ ಬೆಂದವು. 1871ರ ಜನಗಣತಿಯಲ್ಲಿ 50 ಲಕ್ಷಕ್ಕೆ ಸ್ವಲ್ಪ ಮೇಲಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕಡಿಮೆಯಾಗಿತ್ತು. ಅದೇ ಬರದ ದಿನಗಳಲ್ಲಿ ಇಂಡಿಯಾದ ಬಂದರುಗಳಿಂದ ಗೋಧಿ ಇಂಗ್ಲೆಂಡಿಗೆ ಹೋಗುತ್ತಿತ್ತು. ರೈಲು ಬರದ ಊರಿಗೆ ಧಾನ್ಯ ತರಲಿಲ್ಲವೆಂದಲ್ಲ, ತಂದಿತು. ಆದರೆ ಕೊಳ್ಳಲು ಶಕ್ತಿಯಿದ್ದವನಿಗೆ ತಂದಿತು. ಬರದ ಪರಿಹಾರವೆಂದು ತೆಗೆದ ಕೆಲಸಗಳಲ್ಲಿ ಬೆಂಗಳೂರು-ಮೈಸೂರು ರೈಲುದಾರಿಯ ಮಣ್ಣು ಕೆಲಸವೂ ಒಂದು. ಹಗೇವು ಬರಿದಾದ ಮನೆಯ ಗಂಡಸರು, ಹೆಂಗಸರು ಕೂಲಿಗಾಗಿ ಬುಟ್ಟಿಯಲ್ಲಿ ಮಣ್ಣು ಹೊತ್ತು ಹಳಿಗೆ ದಾರಿ ಮಾಡಿದರು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಹಗೇವು ತುಂಬಿದ್ದರೆ ಬರವೇ ಇರುತ್ತಿರಲಿಲ್ಲ ಎಂದು ಹಿಂದಿನದನ್ನೆಲ್ಲ ಹೊಗಳುವವರ ಸಾಲಿನಲ್ಲಿ ನಾನು ನಿಲ್ಲಲಾರೆ. ತಲೆಬುರುಡೆಯ ಬರವೆಂದು ಹೆಸರಾದ 1791-92ರ ಬರ ಬಂದಾಗ ರೈಲಿರಲಿಲ್ಲ, ಹಗೇವುಗಳಿದ್ದವು. ಆದರೂ ಹೆಣಗಳನ್ನು ಹೂಳುವವರಿಲ್ಲದೆ ಬುರುಡೆಗಳು ಬಯಲಲ್ಲಿ ಬಿದ್ದವು. ಒಂದು ವರ್ಷದ ಬರವನ್ನು ಹಗೇವು ತಾಳುತ್ತಿತ್ತು, ಹೆಚ್ಚೆಂದರೆ ಎರಡನ್ನು. ಇನ್ನೂ ಒಂದು ಸಂಗತಿ: ಹಗೇವು ಯಾರದು? ನಮ್ಮೂರಿನಲ್ಲಿ ಅದು ಇದ್ದದ್ದು ಹೊಲವಿದ್ದವರ ಮನೆಯ ಮುಂದೆ. ಹೊಲವಿಲ್ಲದವನು ಮಳೆ ತಪ್ಪಿದ ವರ್ಷ ಸಾಹುಕಾರನ ಹಗೇವಿನ ಬಾಯಿಯ ಬಳಿ ಚೀಲ ಹಿಡಿದು ನಿಲ್ಲಬೇಕಾಗಿತ್ತು. ಒಂದು ಚೀಲ ಒಯ್ದವನು ಸುಗ್ಗಿಯಲ್ಲಿ ಒಂದೂವರೆ ತಂದು ಸುರಿಯಬೇಕಾಗಿತ್ತು. ಗೋಡೆಯ ಬದಿಯ ಮುಗ್ಗಿದ ಕಾಳು ಕೂಲಿಯವರ ಪಾಲಿಗೇ ಹೋಗುತ್ತಿತ್ತೆಂಬುದನ್ನೂ ಬಲ್ಲೆ. ಇಷ್ಟಾದರೂ ಆ ಸಾಹುಕಾರ ಊರಿನವನು, ಕಾಳು ಊರಿನ ನೆಲದಲ್ಲಿತ್ತು. ಬೇಡಬಹುದಿತ್ತು, ಬಯ್ಯಬಹುದಿತ್ತು, ಮೀರಿದರೆ ರಾತ್ರಿ ಹೋಗಿ ಚಪ್ಪಡಿ ಎತ್ತಬಹುದಿತ್ತು. ಬಂದರಿನಲ್ಲಿ ಹಡಗು ಹತ್ತಿದ ಗೋಧಿಯ ಮುಂದೆ ಇವುಗಳಲ್ಲಿ ಒಂದೂ ಸಾಧ್ಯವಿರಲಿಲ್ಲ.

ಹಗೇವು ಆ ಬರದೊಡನೆ ಸತ್ತಿತೆಂದಲ್ಲ. ಎರಡನೆಯ ಮಹಾಯುದ್ಧದ ಕಾಲಕ್ಕೆ ಸರಕಾರ ರೈತರಿಂದ ಲೆವಿ ಧಾನ್ಯ ಎತ್ತಲು ಹೊರಟಾಗ ಅದಕ್ಕೆ ಹಳೆಯ ಉದ್ಯೋಗ ಮತ್ತೆ ದೊರೆಯಿತು. ಆಗಷ್ಟೆ ಮದುವೆಯಾಗಿ ಆ ಮನೆಗೆ ಬಂದಿದ್ದ ನಮ್ಮ ಅಜ್ಜಿ ಹೇಳುತ್ತಿದ್ದುದುಂಟು: “ಲೇವಿಯವ್ರು ಬಂದಾಗ ಹಗೇವಿನ ಬಾಯಿ ಮ್ಯಾಗ ಆಕಳಾ ಕಟ್ಟಿದ್ವಿ. ಸಗಣಿ ತುಳದು ಯಾಂವ ನೋಡ್ತಾನ ತಮ್ಮಾ?” ಟಾಸಿಟಸನ ಜರ್ಮನರ ಗೊಬ್ಬರದ ಉಪಾಯವನ್ನು ಅಜ್ಜಿ ಓದಿರಲಿಲ್ಲ.

ನಿಜವಾಗಿ ಅದನ್ನು ಮುಗಿಸಿದವು ಬೇರೆ ಕಾರಣಗಳು. ಅವುಗಳಲ್ಲಿ ಕೆಲವು ಒಳ್ಳೆಯವೇ. ತುಂಗಭದ್ರೆಗೆ 1953ರಲ್ಲಿ ಅಣೆಕಟ್ಟಾಗಿ ಕಾಲುವೆ ಹರಿದ ಕಡೆ ನೆಲದ ತೇವ ಏರಿತು. ಒದ್ದೆ ನೆಲದಲ್ಲಿ ಹಗೇವು ಬದುಕದು. 1964ರಲ್ಲಿ ಸಿಎಸ್‌ಎಚ್-1 ಎಂಬ ಮೊದಲ ಹೈಬ್ರಿಡ್ ಜೋಳ ಬಂತು. ಹಿಂಗಾರಿ ಜೋಳ ಬೇಸಿಗೆಯ ಬಾಗಿಲಲ್ಲಿ ಕೊಯ್ಲಾಗಿ ಬಿಸಿಲಿಗೆ ಒಣಗಿ ಕಲ್ಲಿನಂತಾಗುತ್ತಿತ್ತು. ಹೈಬ್ರಿಡ್ ಜೋಳ ಮುಂಗಾರಿನದು, ಮಳೆಯಲ್ಲಿಯೇ ತೆನೆ ಮಾಗುವಂಥದು. ಇಳುವರಿ ಹೆಚ್ಚು, ಹೂತರೆ ಕೊಳೆಯುತ್ತದೆ. 1965ರಲ್ಲಿ ಭಾರತ ಆಹಾರ ನಿಗಮ ಸ್ಥಾಪನೆಯಾಯಿತು. ಧಾನ್ಯ ಸರಕಾರದ ಗೋದಾಮಿಗೆ ಹೋಗಿ ಪಡಿತರದ ಅಂಗಡಿಯಿಂದ ಹಿಂತಿರುಗುವ ಏರ್ಪಾಡಾಯಿತು. ಹೊಲವಿಲ್ಲದವನು ಸಾಹುಕಾರನ ಮುಂದೆ ಚೀಲ ಹಿಡಿದು ನಿಲ್ಲುವುದು ಇದರಿಂದ ತಪ್ಪಿತು. ಅದನ್ನು ಸಣ್ಣ ಮಾತೆನ್ನಲಾಗದು. ಆದರೆ ನಮ್ಮ ಮನೆಯಲ್ಲಿ ಮುಂದಿನ ವರ್ಷಕ್ಕೆ ಕಾಳು ಎಷ್ಟಿದೆ ಎಂಬ ಪ್ರಶ್ನೆಗೆ ಅಜ್ಜಿ ಕಾಲಿನಿಂದ ನೆಲ ಒದ್ದು ಕೊಡುತ್ತಿದ್ದ ಉತ್ತರವನ್ನು ಈಗ ಯಾರೂ ಕೊಡಲಾರರು.

ನಮ್ಮೂರಿನ ಆ ಹಗೇವಿನ ಮೇಲೆ ಈಗ ಸಿಮೆಂಟು ರಸ್ತೆ ಹಾಯ್ದಿದೆ. ಅದರ ಚಪ್ಪಡಿ ಕಲ್ಲು ಹಿತ್ತಿಲಿನಲ್ಲಿದೆ; ಅದರ ಮೇಲೆ ಅರಿವೆ ಒಗೆಯುತ್ತಾರೆ. ಒಳಗಿನ ಹೊಟ್ಟೆಯನ್ನು ಮಣ್ಣಿನಿಂದ ತುಂಬಿದರೋ, ಹಾಗೆಯೇ ಟೊಳ್ಳಾಗಿ ಬಿಟ್ಟು ಮೇಲೆ ರಸ್ತೆ ಹಾಕಿದರೋ ಎಂದು ಕಾಕಾನನ್ನು ಕೇಳಿದೆ. ಅವನಿಗೂ ನೆನಪಿರಲಿಲ್ಲ.

ಬೆಂಗಳೂರಿನ ಮಿತ್ರರ ಗುಂಡಿಯ ಸಮಾಚಾರವನ್ನೂ ಹೇಳಬೇಕಷ್ಟೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ, ನಮ್ಮ ಬೀದಿಯಲ್ಲಿ ಟ್ಯಾಂಕರಿಗಾಗಿ ಕಾಯುವುದೇ ದಿನಚರಿಯಾದಾಗ, ಅವರು ಹಲಗೆಗಳನ್ನು ಕಿತ್ತೆಸೆದು ಗೋಡೆಗೆ ಸಿಮೆಂಟು ಬಳಿಸಿ ಅದನ್ನು ಎರಡನೆಯ ಸಂಪು ಮಾಡಿಕೊಂಡರು. ಉಳಿದ ಸಿಗಾರಿನ ಪೆಟ್ಟಿಗೆ ಫ್ರಿಜ್ಜಿನಲ್ಲಿ ಹಾಲಿನ ಪೊಟ್ಟಣಗಳ ಪಕ್ಕದಲ್ಲಿದೆ. ಮನೆಯಾಕೆಗೆ ಇದು ಸಮ್ಮತವಿಲ್ಲ.